ಭಾರತ್ ಸ್ಮಾಲ್ ರಿಯಾಕ್ಟರ್: ಯಂತ್ರ ಗಟ್ಟಿ, ಕರಾರು ಭಾರ

ಕೇಂದ್ರ ಸರ್ಕಾರದ ಅಣುವಿದ್ಯುತ್ ಕಂಪನಿ ಎನ್‌ಪಿಸಿಐಎಲ್ 2024ರ ಡಿಸೆಂಬರ್ 31ರಂದು ಪ್ರಸ್ತಾವ ಆಹ್ವಾನಿಸಿ ಉದ್ಯಮಗಳ ಮುಂದಿಟ್ಟ 220 ಮೆಗಾವ್ಯಾಟ್‌ನ ಸಣ್ಣ ಅಣು ರಿಯಾಕ್ಟರ್ ಆದ ಭಾರತ್ ಸ್ಮಾಲ್ ರಿಯಾಕ್ಟರನ್ನು, ದುಡ್ಡು ಹಾಕಿ ಮುಂದಿನ ಹಲವು ದಶಕ ಅದರ ವಿದ್ಯುತ್ತನ್ನೇ ನೆಚ್ಚಬೇಕಾದ ಗ್ರಾಹಕನ ಕಣ್ಣಿನಿಂದ ನೋಡಿ ಈ ವಿಮರ್ಶೆ ಬರೆದಿದ್ದೇನೆ. ವಿಜಯಪುರದಲ್ಲಿ ಇದ್ದುಕೊಂಡು ಬರೆಯುವವನಿಗೆ ಅಳತೆಗೋಲುಗಳು ದೂರವಿಲ್ಲ. ನಮ್ಮ ಜಿಲ್ಲೆಯಲ್ಲೇ ತಲಾ 800 ಮೆಗಾವ್ಯಾಟ್‌ನ ಮೂರು ಘಟಕಗಳ ಕೂಡಗಿ ಉಷ್ಣ ಸ್ಥಾವರವಿದೆ. ಘಟ್ಟದ ಕಡೆ, ಕಾಳಿ ನದಿಯ ದಂಡೆಯಲ್ಲಿ, ಇದೇ 220 ಮೆಗಾವ್ಯಾಟ್ ವರ್ಗದ ನಾಲ್ಕು ರಿಯಾಕ್ಟರ್‌ಗಳ ಕೈಗಾ ಇದೆ.

ಯಂತ್ರದ ಬಗ್ಗೆ ನನಗೆ ಸಂದೇಹವಿಲ್ಲ. ಸಹಜ ಯುರೇನಿಯಂ ಮತ್ತು ಭಾರಜಲದಿಂದ ನಡೆಯುವ ಈ ವಿನ್ಯಾಸದಲ್ಲಿ ರಿಯಾಕ್ಟರ್ ನಿಲ್ಲಿಸದೆಯೇ ಇಂಧನ ಬದಲಿಸಬಹುದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಬರೆದದ್ದು ಇದೇ ಬಗೆಯ ರಿಯಾಕ್ಟರ್‌ನಿಂದ. ಪರವಾನಗಿಯ ದೃಷ್ಟಿಯಿಂದ ಈ ಅನುಭವದ ಮೌಲ್ಯ ದೊಡ್ಡದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನಿವೇಶನ, ನಿರ್ಮಾಣ, ಕಾರ್ಯಾರಂಭ, ಕಾರ್ಯಾಚರಣೆ ಎಂದು ಹಂತಹಂತವಾಗಿ ಒಪ್ಪಿಗೆ ಕೊಡುತ್ತದೆ. ಆ ಮೇಜಿನ ಮೇಲೆ ದಶಕಗಳ ಅನುಭವವಿರುವ ವಿನ್ಯಾಸ ಇಡುವುದಕ್ಕೂ ಕಾಗದದ ಮೇಲಷ್ಟೇ ಇರುವ ವಿನ್ಯಾಸ ಇಡುವುದಕ್ಕೂ ಅಜಗಜಾಂತರ.

ಸಣ್ಣ ರಿಯಾಕ್ಟರ್ ರೂಪಿಸುವ ಅಮೆರಿಕದ ಕಂಪನಿ ನುಸ್ಕೇಲ್‌ನ ಉದಾಹರಣೆಯನ್ನು ಪ್ರತಿ ವಿದ್ಯುತ್ ಕಂಪನಿಯೂ ಗಮನವಿಟ್ಟು ಓದಬೇಕು. ಅದರ 50 ಮೆಗಾವ್ಯಾಟ್ ವಿನ್ಯಾಸಕ್ಕೆ 2023ರ ಜನವರಿಯಲ್ಲಿ ನಿಯಂತ್ರಕರ ಪ್ರಮಾಣೀಕರಣ ಸಿಕ್ಕಿತು. ಯೂಟಾ ಮತ್ತು ಸುತ್ತಲಿನ ಸಣ್ಣ ಪಟ್ಟಣಗಳ ವಿದ್ಯುತ್ ಒಕ್ಕೂಟ ಕೊಳ್ಳಲು ಹೊರಟಿದ್ದ ಸ್ಥಾವರವು ಅದೇ ವರ್ಷ ನವೆಂಬರ್‌ನಲ್ಲಿ ರದ್ದಾಯಿತು. ಮೆಗಾವ್ಯಾಟ್ ಗಂಟೆಗೆ 58 ಡಾಲರ್ ಎಂದಿದ್ದ ದರದ ಅಂದಾಜು 89ಕ್ಕೆ ಏರಿತ್ತು, ಸಾಕಷ್ಟು ಪಟ್ಟಣಗಳು ಸಹಿ ಹಾಕಲಿಲ್ಲ. ಪ್ರಮಾಣಪತ್ರ ಕೈಗೆ ಬಂದರೂ ಕೊಳ್ಳುವವರು ಬರುತ್ತಾರೆಂಬ ಖಾತರಿಯಿಲ್ಲ. ಕೆನಡಾದ ಒಂಟಾರಿಯೋ ಪವರ್ ಜನರೇಶನ್ ಡಾರ್ಲಿಂಗ್ಟನ್‌ನಲ್ಲಿ 300 ಮೆಗಾವ್ಯಾಟ್ ರಿಯಾಕ್ಟರ್‌ಗೆ 2025ರ ಏಪ್ರಿಲ್‌ನಲ್ಲಿ ನಿರ್ಮಾಣ ಪರವಾನಗಿ ಪಡೆದದ್ದಕ್ಕೆ ಮುಖ್ಯ ಕಾರಣ, ನನ್ನ ಎಣಿಕೆಯಲ್ಲಿ, ನಿವೇಶನ. ಅಲ್ಲಿ ಅದರದ್ದೇ ಅಣು ಸ್ಥಾವರ ಮೊದಲಿನಿಂದ ನಡೆಯುತ್ತಿದೆ, ಹೊಸ ಘಟಕಗಳಿಗಾಗಿ ನೆಲ ಸಿದ್ಧಪಡಿಸುವ ಪರವಾನಗಿ 2012ರಲ್ಲೇ ಸಿಕ್ಕಿತ್ತು.

ನಮ್ಮ ಸೀಮೆಯಲ್ಲಿ ನಿವೇಶನವೇ ಕಠಿಣ ಪ್ರಶ್ನೆ. ಸ್ಥಾವರದ ಸುತ್ತ ಒಂದು ಕಿಲೋಮೀಟರ್ ತ್ರಿಜ್ಯದೊಳಗೆ ಜನವಸತಿ ಇರಬಾರದೆಂಬ ಈವರೆಗಿನ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ವೃತ್ತವೊಂದೇ ಸುಮಾರು 775 ಎಕರೆ ಆಗುತ್ತದೆ. ರಿಯಾಕ್ಟರ್ ಸಣ್ಣದಾದ ಮಾತ್ರಕ್ಕೆ ವೃತ್ತ ತಾನಾಗಿ ಕುಗ್ಗುವುದಿಲ್ಲ. ವಲಯ ಕಿರಿದಾಗಿಸುವ ಮಾರ್ಪಾಡುಗಳಿಗೆ ಮಂಡಳಿಯ ಒಪ್ಪಿಗೆ ಬೇಕು. ಆಲಮಟ್ಟಿ ಹಿನ್ನೀರಿಗೆ ಒಮ್ಮೆ ನೆಲ ಕೊಟ್ಟು, ಪುನರ್ವಸತಿ ಕೇಂದ್ರಗಳಲ್ಲಿ ಬದುಕು ಕಟ್ಟಿಕೊಂಡ ಊರುಗಳ ಎದುರು ಆ ನಕ್ಷೆ ಹರಡುವುದು ಸಣ್ಣ ಮಾತಲ್ಲ, ಆಗಬಾರದು ಕೂಡ. ನೀರಿನದೂ ಅಷ್ಟೇ. 220 ಮೆಗಾವ್ಯಾಟ್ ವಿದ್ಯುತ್ತಿಗೆ ರಿಯಾಕ್ಟರ್ ಸುಮಾರು 750 ಮೆಗಾವ್ಯಾಟ್ ಶಾಖ ಉತ್ಪಾದಿಸುತ್ತದೆ, ಉಳಿದ 530ರಷ್ಟನ್ನು ತಂಪು ಗೋಪುರಗಳ ಮೂಲಕ ಹೊರಹಾಕಬೇಕು, ಮತ್ತು ಬೇಸಿಗೆಯಲ್ಲಿ ಕೃಷ್ಣೆಯ ನೀರಿಗೆ ಈಗಾಗಲೇ ಕೂಡಗಿ, ಕಾಲುವೆ, ಕುಡಿಯುವ ನೀರಿನ ಯೋಜನೆಗಳು ಕಾದಿರುತ್ತವೆ.

ಗ್ರಿಡ್‌ಗೆ ಮಾತ್ರ ಈ ಗಾತ್ರ ನಿಜಕ್ಕೂ ಹಿತ. 800 ಮೆಗಾವ್ಯಾಟ್ ಘಟಕ ಹಠಾತ್ತಾಗಿ ಟ್ರಿಪ್ ಆದಾಗಿನ ಪೆಟ್ಟನ್ನು 220ರ ಘಟಕ ಕೊಡುವುದಿಲ್ಲ. ಆದರೆ ಹಗಲು ಸೌರ ವಿದ್ಯುತ್ ಹೆಚ್ಚಿದಾಗ ನಿಲ್ಲಿಸಿ ಸಂಜೆಗೆ ಚಾಲೂ ಮಾಡುವ ಯಂತ್ರವಲ್ಲ ಇದು. ಒಮ್ಮೆ ನಿಂತರೆ ಇಂಧನದಲ್ಲಿ ಸೇರಿಕೊಂಡು ಮತ್ತೆ ಚಾಲೂ ಆಗದಂತೆ ತಡೆಯುವ ಜೆನಾನ್ ಅನಿಲ ಕರಗುವವರೆಗೆ ಒಂದು ದಿನಕ್ಕೂ ಹೆಚ್ಚು ಕಾಯಬೇಕಾಗಬಹುದು. ಪಂಪ್‌ಸೆಟ್‌ಗಳಿಗೆ ಪಾಳಿಯಲ್ಲಿ ತ್ರೀ ಫೇಸ್ ಕೊಡುವ ಹೆಸ್ಕಾಂನಂಥ ಕಂಪನಿಗೆ ಇದು ತಳದ ಹೊರೆಯನ್ನಷ್ಟೇ, ಅಂದರೆ ಹಗಲಿರುಳು ಒಂದೇ ಸಮನೆ ಇರುವ ಬೇಡಿಕೆಯನ್ನಷ್ಟೇ, ಹೊರಬಲ್ಲದು.

ನನ್ನ ಅಸಮಾಧಾನ ಕರಾರಿನ ಮೇಲೆ. ಪ್ರಕಟವಾದ ಮಾದರಿಯಲ್ಲಿ ಬಂಡವಾಳ, ನಿರ್ವಹಣೆಯ ಖರ್ಚು, ನೆಲ, ನೀರು ಎಲ್ಲವೂ ಬಳಕೆದಾರನದು; ಸ್ಥಾವರ ನಡೆಸುವುದು ಎನ್‌ಪಿಸಿಐಎಲ್, ಬಳಕೆದಾರನಿಗೆ ದಕ್ಕುವುದು ವಿದ್ಯುತ್ತಿನ ಹಕ್ಕು. ಸ್ವಂತ ಬಳಕೆಯ ಉದ್ಯಮಕ್ಕೆಂದು ಹೊಲಿದ ಈ ಕರಾರು ಬಾಗಲಕೋಟೆ ಸೀಮೆಗೆ ಒಗ್ಗುವುದಿಲ್ಲ: ಲೋಕಾಪುರ, ಮುಧೋಳ ಭಾಗದ ಸಿಮೆಂಟ್ ಕಾರ್ಖಾನೆಯೊಂದು 220 ಮೆಗಾವ್ಯಾಟ್ ಬಳಸಲಾರದು, ಸಕ್ಕರೆ ಕಾರ್ಖಾನೆಗಳು ಹಂಗಾಮಿನಲ್ಲಿ ಕಬ್ಬಿನ ಸಿಪ್ಪೆಯಿಂದ ತಾವೇ ವಿದ್ಯುತ್ ಮಾಡಿ ಮಾರುತ್ತವೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ, ‘ಶಾಂತಿ’ ಎಂಬ ಹೆಸರಿನ ಅಣುಶಕ್ತಿ ಕಾಯ್ದೆ ಖಾಸಗಿಯವರಿಗೂ ಪರವಾನಗಿಯ ಬಾಗಿಲು ತೆರೆದು ನಿಯಂತ್ರಣ ಮಂಡಳಿಗೆ ಶಾಸನದ ಬಲ ಕೊಟ್ಟಿರುವುದರಿಂದ ಈ ಕರಾರನ್ನು ಹೊಸದಾಗಿ ಬರೆಯಲು ಅವಕಾಶವಿದೆ.

ಬರೆಯುವಾಗ ಒಂದು ಷರತ್ತು ಖಂಡಿತ ಸೇರಬೇಕು. ನಿವೇಶನದ ಒಪ್ಪಿಗೆಗೂ ಮೊದಲ ಯೂನಿಟ್ ವಿದ್ಯುತ್ತಿಗೂ ನಡುವೆ ವಿಳಂಬವಾದರೆ ಬೆಳೆಯುವ ಬಡ್ಡಿ ಯಾರ ಖಾತೆಗೆ ಎಂಬುದು ಸಹಿಗೆ ಮೊದಲೇ ಸ್ಪಷ್ಟವಾಗಬೇಕು, ಏಕೆಂದರೆ ಆ ಮೊತ್ತವೇ ಕೊನೆಗೆ ವಿಜಯಪುರದ ಮನೆಯ ಬಿಲ್ಲಿಗೆ ಬಂದು ಸೇರುತ್ತದೆ. ಅಲ್ಲಿಯವರೆಗೆ ಈ ಯಂತ್ರವನ್ನು ಮೆಚ್ಚುತ್ತೇನೆ, ಖರೀದಿಗೆ ಶಿಫಾರಸು ಮಾಡುವುದಿಲ್ಲ.