ಸ್ಯಾಂಕ್ಷನ್ ಬಿದ್ದವರು ಮೊದಲು ಹೋಗಬೇಕಾದ ಜಾಗ: ನಮ್ಮ ಕಡೆಯ ಉಚಿತ ಸಲಹಾ ಕೇಂದ್ರ

ಇಂಗ್ಲೆಂಡಿನಲ್ಲಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೆಳೆಯನಿಗೆ ಸ್ಯಾಂಕ್ಷನ್ ಬಿದ್ದಿತ್ತು, ಅಂದರೆ ಹೇಳಿದ್ದನ್ನು ಮಾಡಲಿಲ್ಲ ಅಂತ ಅವನ ಯೂನಿವರ್ಸಲ್ ಕ್ರೆಡಿಟ್ (ಕೆಲಸ ಇಲ್ಲದವರಿಗೆ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ದುಡ್ಡು ಕಡಿತವಾಗಿತ್ತು. ಅವನ ಜೊತೆ ಇಲ್ಲಿನ ಉಚಿತ ಸಲಹಾ ಕೇಂದ್ರಕ್ಕೆ ಹೋಗಿದ್ದೆ. ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿಮೆ ಕೊಟ್ಟಿದ್ದು ಫೋನಿನ ವಿಷಯಕ್ಕೆ. ಎಷ್ಟು ಕಾದರೂ ಎತ್ತುವುದಿಲ್ಲ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಲ್ಲುವುದೇ ವಾಸಿ.

ಗೆಳೆಯ ಬೆನ್ನುನೋವಿನಿಂದ ಕೆಲಸ ಬಿಟ್ಟವನು. ಈಗಲೇ ಕೆಲಸ ಹುಡುಕು ಅಂತ ಅವನಿಗೆ ಒತ್ತಾಯ ಇಲ್ಲ, ಆದರೆ ಕೆಲಸಕ್ಕೆ ತಯಾರಾಗಬೇಕಾದವರ ಗುಂಪಿನಲ್ಲಿದ್ದಾನೆ. ಸಿವಿ ಬರೆಯುವ ತರಗತಿಯ ದಿನವೇ ಫಿಸಿಯೋಥೆರಪಿ ಇತ್ತು, ಹೋಗಲಿಲ್ಲ, ಸ್ಯಾಂಕ್ಷನ್ ಬಿತ್ತು. 7 ದಿನ ಅಂತ ಓದಿ, ವಾರ ಕಳೆದರೆ ಸರಿಹೋಗುತ್ತೆ ಅಂತ ಸುಮ್ನೆ ಕೂತಿದ್ದ.

ಸಲಹೆಗಾರ್ತಿ ಪತ್ರ ಓದಿ ಕೇಳಿದ ಮೊದಲ ಪ್ರಶ್ನೆಯೇ, ತರಗತಿಗೆ ಮತ್ತೆ ಹೆಸರು ಕೊಟ್ಟಿರಾ ಅಂತ. ಯಾಕೆಂದರೆ ಈ ಗುಂಪಿನವರ ಸ್ಯಾಂಕ್ಷನ್ ತಾನಾಗಿ ಮುಗಿಯುವುದಿಲ್ಲ. ಹೇಳಿದ ಕೆಲಸ ಮಾಡುವ ತನಕ ಅದು ಬೆಳೆಯುತ್ತಲೇ ಇರುತ್ತದೆ, ಅದರ ಮೇಲೆ ಇನ್ನೂ 7 ದಿನ ಸೇರುತ್ತದೆ. ಒಂದು ವರ್ಷದೊಳಗೆ ಮತ್ತೆ ತಪ್ಪಿದರೆ ಆ 7ರ ಬದಲು 14 ದಿನ, ಆಮೇಲೆ 28. ತರಗತಿಯೇ ಮುಗಿದುಹೋಗಿದ್ದರೆ, ಬದಲಿಗೆ ಏನು ಮಾಡಲಿ ಅಂತ ವರ್ಕ್ ಕೋಚ್‌ಗೆ (ನಮ್ಮ ಕೇಸು ನೋಡಿಕೊಳ್ಳುವ ಸರ್ಕಾರಿ ಸಿಬ್ಬಂದಿ) ಆನ್‌ಲೈನ್ ಜರ್ನಲ್‌ನಲ್ಲೇ, ಅಂದರೆ ಯೂನಿವರ್ಸಲ್ ಕ್ರೆಡಿಟ್ ಖಾತೆಯ ಸಂದೇಶದ ಪುಟದಲ್ಲೇ, ಬರೆದು ಕೇಳಬೇಕು. ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಬರೆದಿದ್ದಕ್ಕೆ ತಾರೀಖು ಇರುತ್ತದೆ. ಇಷ್ಟು ಮುಖ್ಯವಾದ ಮಾತನ್ನು ಅಲ್ಲಿಯವರೆಗೆ ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ನನಗೆ ನಿಜಕ್ಕೂ ಸಿಟ್ಟು ಬಂತು. ಒಂದೊಂದು ದಿನ ತಡವಾದರೂ ಅಡುಗೆಮನೆಗೆ ತಟ್ಟುತ್ತದೆ ಅಲ್ವಾ? 25 ದಾಟಿದ ಒಂಟಿ ವ್ಯಕ್ತಿಗೆ 2025-26ರಲ್ಲಿ ಮೂಲ ಭತ್ಯೆ ತಿಂಗಳಿಗೆ 400.14 ಪೌಂಡ್, ಸ್ಯಾಂಕ್ಷನ್ ಇರುವಷ್ಟು ದಿನ ಅದೇ ಪೂರ್ತಿ ಹೋಗುತ್ತದೆ. ಬಾಡಿಗೆಯ ಭಾಗ, ಮಕ್ಕಳ ಭಾಗ ಮುಟ್ಟುವುದಿಲ್ಲ.

ತೀರ್ಮಾನವೇ ತಪ್ಪು ಅನಿಸಿದರೆ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು, ಅಲ್ಲೂ ಆಗದಿದ್ದರೆ ಟ್ರಿಬ್ಯುನಲ್‌ಗೆ, ಅಂದರೆ ಇಂಥ ತಕರಾರು ಕೇಳುವ ಸ್ವತಂತ್ರ ನ್ಯಾಯಮಂಡಳಿಗೆ, ಹೋಗಬಹುದು. ಮರುಪರಿಶೀಲನೆಯ ಅರ್ಜಿಯನ್ನು ಸಲಹೆಗಾರ್ತಿಯೇ ಕೂತು ಬರೆಸಿದರು, ಫಿಸಿಯೋಥೆರಪಿಯ ಪತ್ರವನ್ನೂ ಸೇರಿಸಿದರು. ಕಾಸು ಕೇಳಲಿಲ್ಲ. ಆದರೆ ಅರ್ಜಿ ಹಾಕಿದೆ ಅಂತ ತರಗತಿ ಬಿಡಬೇಡಿ, ಎರಡೂ ಜೊತೆಯಲ್ಲೇ ನಡೆಯಲಿ ಅಂತ ಒತ್ತಿ ಹೇಳಿದರು. ತೀರಾ ಕಷ್ಟವಾದರೆ ಹಾರ್ಡ್‌ಶಿಪ್ ಪೇಮೆಂಟ್ ಕೇಳಬಹುದು, ಆದರೆ ಅದು ಸಾಲ, ಆಮೇಲೆ ಹಿಡಿದುಕೊಳ್ಳುತ್ತಾರೆ. ಕಾಯಿಲೆ ಜಾಸ್ತಿಯಾಗಿ, ತಯಾರಿಯೂ ಬೇಡ ಅನ್ನುವ ಗುಂಪಿಗೆ ಹಾಕಿದರೆ ಕಡಿತ ನಿಲ್ಲುತ್ತದೆ.

ವೀಸಾದ ಮೇಲೆ ಸಾರ್ವಜನಿಕ ನೆರವು ಇಲ್ಲ ಅಂತ ಬರೆದಿದ್ದರೆ ಈ ದುಡ್ಡು ನಿಮಗೆ ಅನ್ವಯಿಸುವುದಿಲ್ಲ. ಖಾಯಂ ವಾಸದ ಅನುಮತಿ ಸಿಕ್ಕ ನಮ್ಮವರು ಮಾತ್ರ ನಾಚಿಕೆ ಪಟ್ಟುಕೊಂಡು ಮನೆಯಲ್ಲಿ ಕೂರಬೇಡಿ. ಸ್ಯಾಂಕ್ಷನ್ ಪತ್ರ, ಆಸ್ಪತ್ರೆಯ ಕಾಗದ, ಜರ್ನಲ್ ತೆರೆಯುವ ಫೋನ್, ಮೂರನ್ನೂ ಹಿಡಿದುಕೊಂಡು ಪತ್ರ ಬಂದ ಮರುದಿನವೇ ಹೋಗಿ.