247ಸ್ಪೋರ್ಟ್ಸ್ ಸ್ಟಾರ್ ರೇಟಿಂಗ್: ತಂಡ ಅಳೆಯೋಕೆ ಸರಿ, ಒಬ್ಬ ಹುಡುಗನನ್ನು ಅಳೆಯೋಕೆ ಸಾಲದು

ಅಮೆರಿಕದ ಕಾಲೇಜು ಫುಟ್‌ಬಾಲ್ ಹುಚ್ಚು ಇರುವವರಿಗೆ 247ಸ್ಪೋರ್ಟ್ಸ್ ವೆಬ್‌ಸೈಟಿನ ಪರಿಚಯ ಮಾಡಿಕೊಡಬೇಕಿಲ್ಲ. ಹೈಸ್ಕೂಲಿನಲ್ಲಿ ಆಡುವ ಹುಡುಗರಿಗೆ ಇವರು ಅಂಕ ಕೊಟ್ಟು ಸ್ಟಾರ್ ಹಾಕುತ್ತಾರೆ. ಐದು ಸ್ಟಾರ್ ಸಿಕ್ಕವನ ಹಿಂದೆ ಕೋಚ್‌ಗಳ ಸಾಲು. ರೇಟಿಂಗ್ ನೋಡೋಕೆ ದುಡ್ಡು ಬೇಡ, ಒಳಸುದ್ದಿ ಓದೋಕೆ ಚಂದಾ ಕಟ್ಟಬೇಕು. ನಾನಿರುವುದು ಡಲ್ಲಾಸ್ ಹತ್ತಿರ. ಇಲ್ಲಿ ಶುಕ್ರವಾರ ರಾತ್ರಿ ಅಂದರೆ ಹೈಸ್ಕೂಲ್ ಮ್ಯಾಚು. ಈಗ ನಮ್ಮ ಕನ್ನಡದವರ ಮಕ್ಕಳೂ ಹೆಲ್ಮೆಟ್ ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದಾರೆ, ಅವರ ಅಪ್ಪ ಅಮ್ಮಂದಿರು ಈ ಪುಟ ನೋಡಿ "ನಮ್ಮವನಿಗೆ ಒಂದು ಸ್ಟಾರೂ ಇಲ್ವಲ್ಲ" ಅಂತ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದರಲ್ಲಿ ಇಷ್ಟವಾದದ್ದು. ಇವರ ಕಾಂಪೋಸಿಟ್ ರೇಟಿಂಗ್ ಒಬ್ಬರ ಅಭಿಪ್ರಾಯ ಅಲ್ಲ. ತಮ್ಮ ಅಂಕದ ಜೊತೆ ಬೇರೆ ದೊಡ್ಡ ಸಂಸ್ಥೆಗಳ ಅಂಕವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಐದು ಸ್ಟಾರ್ ಸಿಗುವುದು ವರ್ಷಕ್ಕೆ ಸುಮಾರು 32 ಜನರಿಗೆ, ಯಾಕಂದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಇರುವುದೂ 32 ಆಯ್ಕೆ. ಇಡೀ ತಂಡದ ಬಲ ತಿಳಿಯೋಕೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. 2021ರಿಂದ 2024ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ಜಾರ್ಜಿಯಾ, ಮಿಷಿಗನ್, ಒಹಾಯೊ ಸ್ಟೇಟ್ ಮೂರರಲ್ಲೂ ಅರ್ಧಕ್ಕಿಂತ ಜಾಸ್ತಿ ಹುಡುಗರು ನಾಲ್ಕು, ಐದು ಸ್ಟಾರಿನವರೇ. ಸ್ಟಾರ್ ಎಲ್ಲ ಸುಳ್ಳು ಅನ್ನುವವರು ಇದನ್ನು ಮರೆಯಬಾರದು.

ಆದರೆ ಅದೇ ಜಾರ್ಜಿಯಾ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ಆಟ ನಡೆಸುವವನು, ಯಾರು? ಸ್ಟೆಟ್ಸನ್ ಬೆನೆಟ್. 2017ರಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಸೇರಿದ, ಆರಡಿಯೂ ಇಲ್ಲದ ಹುಡುಗ. ಆ ಸೀಸನ್ನಿನ ರೋಸ್ ಬೌಲ್ ಪಂದ್ಯಕ್ಕೆ ಮುಂಚೆ, ಎದುರಾಳಿ ಓಕ್ಲಹೋಮಾದ ಬೇಕರ್ ಮೇಫೀಲ್ಡ್ ಹೇಗೆ ಆಡುತ್ತಾನೋ ಹಾಗೇ ಆಡಿ ತೋರಿಸಿ ತಮ್ಮ ಡಿಫೆನ್ಸಿಗೆ ಅಭ್ಯಾಸ ಕೊಡುವುದು ಇವನ ಕೆಲಸವಾಗಿತ್ತು. ಆ ಮೇಫೀಲ್ಡ್ ಕೂಡ ವಾಕ್-ಆನ್, ಅದೂ ಎರಡು ಕಾಲೇಜಿನಲ್ಲಿ! ಮುಂದಿನ ವರ್ಷ ಜಾರ್ಜಿಯಾಕ್ಕೆ ಐದು ಸ್ಟಾರಿನ ಜಸ್ಟಿನ್ ಫೀಲ್ಡ್ಸ್ ಬಂದ, ಬೆನೆಟ್ ಮಿಸಿಸಿಪ್ಪಿಯ ಒಂದು ಜೂನಿಯರ್ ಕಾಲೇಜಿಗೆ ಹೋದ. 2019ರಲ್ಲಿ ವಾಪಸ್ ಬಂದ. ಆಮೇಲೆ ಇನ್ನೊಬ್ಬ ಐದು ಸ್ಟಾರ್ ಜೆಟಿ ಡೇನಿಯಲ್ಸ್ ಬಂದು ಜಾಗ ಹಿಡಿದ, ಬೆನೆಟ್ ಮತ್ತೆ ಬೆಂಚಿನಲ್ಲಿ ಕೂತ. ಡೇನಿಯಲ್ಸ್‌ಗೆ ಪೆಟ್ಟಾದಾಗ ಸಿಕ್ಕ ಅವಕಾಶವನ್ನು ಅವನು ಬಿಡಲಿಲ್ಲ. 2022ರ ಜನವರಿಯಲ್ಲಿ ಅಲಬಾಮಾ ವಿರುದ್ಧ 33-18, ಮುಂದಿನ ಜನವರಿಯಲ್ಲಿ ಟಿಸಿಯು ವಿರುದ್ಧ 65-7. ಎರಡು ಚಾಂಪಿಯನ್‌ಶಿಪ್! ಬೆಂಚಿನಲ್ಲಿ ಕೂತಿದ್ದಾಗಲೂ ತಯಾರಾಗೇ ಇದ್ದನಲ್ಲ, ಅದಕ್ಕೆ ಈ ಪುಟದಲ್ಲಿ ಯಾವ ಅಂಕವೂ ಇಲ್ಲ.

ನಮ್ಮ ಟೆಕ್ಸಸ್‌ನವನೇ ಕ್ಯಾಮ್ ವಾರ್ಡ್‌ನ ಕಥೆ ಇನ್ನೂ ಜೋರು. ಅವನ ಹೈಸ್ಕೂಲ್ ತಂಡ ಚೆಂಡು ಹಿಡಿದು ಓಡುವ ಆಟವನ್ನೇ ನಂಬಿತ್ತು, ಪಾಸ್ ಎಸೆಯುವುದು ಕಡಿಮೆ. ಎಸೆಯದ ಕ್ವಾರ್ಟರ್‌ಬ್ಯಾಕ್‌ನ ಹೈಲೈಟ್ ವಿಡಿಯೋದಲ್ಲಿ ನೋಡೋಕೆ ಏನಿರುತ್ತದೆ, ಹೇಳಿ. ಸ್ಟಾರ್ ಸೊನ್ನೆ. ಕರೆದದ್ದು ಸ್ಯಾನ್ ಆಂಟೋನಿಯೊದ ಇನ್‌ಕಾರ್ನೇಟ್ ವರ್ಡ್ ಅನ್ನೋ ಚಿಕ್ಕ ಕಾಲೇಜು. ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಯಾಮಿ, ಕೊನೆಗೆ 2025ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲ ಆಯ್ಕೆ.

ಹಾಗಂತ ಛಲ ಒಂದಿದ್ದರೆ ಸಾಕು ಅಂತ ನಾನು ಹೇಳಲ್ಲ. ವಾರ್ಡ್‌ನ ತೋಳಿನಲ್ಲಿ ಬಲ ಮೊದಲೇ ಇತ್ತು, ಯಾರೂ ನೋಡಿರಲಿಲ್ಲ ಅಷ್ಟೇ. ಪ್ರತಿಭೆ ಕಣ್ಣಿಗೆ ಬೀಳುವವರೆಗೆ ಅವನನ್ನು ಆಟದಲ್ಲಿ ಉಳಿಸಿದ್ದು ಹಟ. ಹದಿನೇಳನೇ ವಯಸ್ಸಿನಲ್ಲಿ ಎತ್ತರ, ತೂಕ, ಓಟದ ವೇಗ ಅಳೆಯಬಹುದು. ಮೂರು ವರ್ಷ ಆಡಿಸದೇ ಇದ್ದರೆ ಈ ಹುಡುಗ ಏನು ಮಾಡುತ್ತಾನೆ ಅನ್ನೋದನ್ನು ಸ್ಟಾಪ್‌ವಾಚ್ ಹಿಡಿದು ಅಳೆಯೋಕಾಗಲ್ಲ ಅಲ್ವಾ. ಅದು ಗೊತ್ತಿರುವುದು ಅವನ ಹೈಸ್ಕೂಲ್ ಕೋಚ್‌ಗೆ. ಒಳ್ಳೆಯ ಕಾಲೇಜು ಕೋಚ್‌ಗಳು ಅವರ ಹತ್ತಿರ ಕೂತು ಮಾತಾಡುತ್ತಾರೆ. ಅಂಥ ಮಾತನ್ನು ಈ ಸೈಟ್ ಹುಡುಗನ ಪುಟದಲ್ಲೇ, ಅಂಕದ ಪಕ್ಕದಲ್ಲೇ ಹಾಕಬೇಕು. ಬೇಕಾದರೆ ಅದಕ್ಕೇ ಚಂದಾ ತಗೊಳ್ಳಲಿ, ಖುಷಿಯಾಗಿ ಕೊಡುತ್ತೇನೆ.

ಇದು ಈಗ ಇನ್ನೂ ಮುಖ್ಯ. ಕಾಯುವ ಜಾಗವೇ ಕಡಿಮೆಯಾಗುತ್ತಿದೆ. 2025ರ ಕೋರ್ಟ್ ಒಪ್ಪಂದದ ನಂತರ, ಆಟಗಾರರಿಗೆ ನೇರವಾಗಿ ಹಣ ಕೊಡಲು ಒಪ್ಪಿದ ಕಾಲೇಜುಗಳ ತಂಡಕ್ಕೆ 105 ಜನರ ಮಿತಿ ಬಂದಿದೆ. ಮೊದಲು ಸ್ಕಾಲರ್‌ಶಿಪ್ ಮಾತ್ರ 85ಕ್ಕೆ ಸೀಮಿತವಾಗಿತ್ತು, ಅದರ ಮೇಲೆ ವಾಕ್-ಆನ್‌ಗಳನ್ನು ಎಷ್ಟು ಬೇಕಾದರೂ ಸೇರಿಸಿಕೊಳ್ಳುತ್ತಿದ್ದರು. ಬೆನೆಟ್‌ನಂಥವರು ಬಂದದ್ದು ಆ ಬಾಗಿಲಿನಿಂದಲೇ. ಜೊತೆಗೆ, ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಇದೆ. ಎರಡು ವರ್ಷ ಕಾಲೇಜಿನಲ್ಲಿ ಆಡಿ ಪಳಗಿದವನು ಸಿಗುವಾಗ ಹೈಸ್ಕೂಲ್ ಹುಡುಗನನ್ನು ತಿದ್ದಿ ಬೆಳೆಸೋಕೆ ಎಷ್ಟು ಕೋಚ್‌ಗಳಿಗೆ ತಾಳ್ಮೆ ಇರುತ್ತದೆ?

ನನ್ನ ಕಡೆಯಿಂದ ಐದಕ್ಕೆ ಮೂರೂವರೆ. ಬರೀ ಅಭಿಮಾನಿಯಾಗಿದ್ದರೆ ಚಂದಾ ಕಟ್ಟಿ, ಹುಡುಗರು ಕಾಲೇಜಿಗೆ ಸಹಿ ಹಾಕುವ ಡಿಸೆಂಬರಿನ ಸೈನಿಂಗ್ ಸಮಯದಲ್ಲಿ ಓದೋಕೆ ಮಜಾ ಇರುತ್ತದೆ. ಮಗ ಹನ್ನೊಂದನೇ ತರಗತಿಯಲ್ಲಿ ಆಡುತ್ತಿದ್ದರೆ ಉಚಿತ ಭಾಗ ಸಾಕು. ಸ್ಟಾರ್ ಕಡೆ ನೋಡಬೇಡಿ. ಅವನು ಆಡುವ ಸ್ಥಾನಕ್ಕೆ ಯಾವ ಕಾಲೇಜು ಈಗಾಗಲೇ ಎಷ್ಟು ಜನರನ್ನು ತಗೊಂಡಿದೆ ಅಂತ ನೋಡಿ, ಚಿಕ್ಕ ಕಾಲೇಜುಗಳನ್ನೂ ಬಿಡಬೇಡಿ. ಉಳಿದ ದುಡ್ಡನ್ನು ಬೇಸಿಗೆ ಕ್ಯಾಂಪಿಗೆ ಇಡಿ, ಕೋಚ್ ಕಣ್ಣೆದುರೇ ನಾಲ್ಕು ಪಾಸ್ ಎಸೆಯಲಿ.