ಮೆತ್ತನೆ ಹೆಡ್‌ಗೇರ್: ಕಿವಿಗೆ ಸೈ, ಮಿದುಳಿಗಲ್ಲ

ಜೊನಾಥನ್ ಥರ್ಸ್ಟನ್ ಅಂದರೆ ಹೆಡ್‌ಗೇರ್, ಅಂದರೆ ರಗ್ಬಿ ಆಟಗಾರರು ತಲೆಗೆ ಹಾಕುವ ಮೆತ್ತನೆ ಫೋಮ್ ಟೋಪಿ. 2002ರಲ್ಲಿ ಬುಲ್‌ಡಾಗ್ಸ್‌ಗೆ ಆಡಲು ಶುರುಮಾಡಿ, 2005ರಿಂದ 2018ರ ನಿವೃತ್ತಿಯವರೆಗೂ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡ ಬಿಡದ ಈ ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಆಡಿದ್ದು ಅಲ್ಲಿನ ಎನ್‌ಆರ್‌ಎಲ್ ಟೂರ್ನಿಯ 323 ಪಂದ್ಯ. 2015ರ ಫೈನಲ್‌ನಲ್ಲಿ ಬ್ರಿಸ್ಬೇನನ್ನು 17-16ರಿಂದ ಕೆಡವಿದ ಅವನ ಆ ಒದೆತ ನೋಡಿದವರು ಹೆಡ್‌ಗೇರ್ ಕೊಂಡರೆ ಆಶ್ಚರ್ಯವಿಲ್ಲ. ಆದರೆ ಯಾಕೆ ಕೊಳ್ಳುತ್ತಿದ್ದೀರಿ ಅನ್ನೋದು ಗೊತ್ತಿರಲಿ.

ಇದು ಕಂಕಷನ್ (ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ತಡೆಯುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮಿದುಳು ಅಲುಗುವುದನ್ನು ತೆಳು ಫೋಮ್ ಹಿಡಿದು ನಿಲ್ಲಿಸಲಾರದು. ಹೆಡ್‌ಗೇರ್ ಇದೆಯಲ್ಲ ಅಂತ ತಲೆ ಮುಂದಿಟ್ಟು ಟ್ಯಾಕಲ್‌ಗೆ (ಎದುರಾಳಿಯನ್ನು ಹಿಡಿದು ಕೆಡವುವುದಕ್ಕೆ) ಹೋದರೆ ಕೆಟ್ಟಿರಿ. ತಲೆ ಎದುರಾಳಿಯ ಸೊಂಟದ ಹಿಂಬದಿಗೇ ಇರಬೇಕು.

ಕಿವಿಗೆ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಹಳೇ ಪೈಲ್ವಾನರ ಮುದುಡಿದ ಕಿವಿ ನೋಡಿದ್ದೀರಲ್ಲ? ಉಜ್ಜಿ ಉಜ್ಜಿ ಮೃದ್ವಸ್ಥಿಯ ಮೇಲೆ ರಕ್ತ ಕಟ್ಟಿ, ತೆಗೆಸದೆ ಬಿಟ್ಟರೆ ಹಾಗೇ ಗಟ್ಟಿಯಾಗುತ್ತದೆ. ಅದಕ್ಕೂ, ಬೇಸಿಗೆಯ ಕೆಮ್ಮಣ್ಣಿನ ಮೈದಾನದಲ್ಲಿ ಬಿದ್ದು ಹಣೆ ತರಚುವುದಕ್ಕೂ ಇದು ಒಳ್ಳೇ ತಡೆ.

ಅಳತೆ ಹುಬ್ಬಿನ ಮೇಲಿಂದ ತಲೆ ಸುತ್ತ ಟೇಪಿನಲ್ಲಿ ತೆಗೆಯಿರಿ. ಗಲ್ಲದ ಪಟ್ಟಿ ಬಿಗಿದು, ಮುಂದಿನಂಚನ್ನು ಬೆರಳಲ್ಲಿ ಹಿಂದಕ್ಕೆ ತಳ್ಳಿ, ಆಮೇಲೆ ಕೆಳಕ್ಕೆಳೆಯಿರಿ. ಕಣ್ಣಿನ ಮೇಲೆ ಜಾರಿದರೆ ಸೈಜ್ ದೊಡ್ಡದು. ಹಿಂದಿನ ಲೇಸ್ ಎಷ್ಟು ಬಿಗಿದರೂ ಸರಿಹೋಗದು. ಕಿವಿಯ ತೂತು ಕಿವಿಗೆ ನೇರ ಬರಬೇಕು, ಇಲ್ಲದಿದ್ದರೆ ಪಕ್ಕದವನ ಕರೆಯೇ ಕೇಳಿಸದು. ನಮ್ಮಲ್ಲಿ ಆಡುವುದು ಹೆಚ್ಚಾಗಿ ರಗ್ಬಿ ಯೂನಿಯನ್ (ತಂಡಕ್ಕೆ 15 ಜನ) ಮತ್ತು ಸೆವೆನ್ಸ್ (7 ಜನ), ಇವೆರಡರ ನಿಯಮ ಮಾಡುವುದು ವರ್ಲ್ಡ್ ರಗ್ಬಿ ಸಂಸ್ಥೆ. ಹಾಗಾಗಿ ವರ್ಲ್ಡ್ ರಗ್ಬಿ ಅನುಮೋದನೆಯ ಗುರುತು ನೋಡಿಯೇ ಕೊಳ್ಳಿ. ಅವರ ಸಾಮಾನ್ಯ ನಿಯಮದಂತೆ ಫೋಮ್ 1 ಸೆಂ.ಮೀ.ಗಿಂತ ದಪ್ಪ ಇರುವಂತಿಲ್ಲ. 'ಎಕ್ಸ್‌ಟ್ರಾ ಥಿಕ್' ಅಂತ ಮಾರುವ ಆನ್‌ಲೈನ್ ಮಾಲನ್ನು ರೆಫರಿ ಹೊರಗಿಡಿಸಬಹುದು.

ಬೇಗ ಕೆಡುವುದು ಫೋಮನ್ನು ಬಟ್ಟೆಗೆ ಹಿಡಿದಿಡುವ ಅಂಟು. ವಾಷಿಂಗ್ ಮೆಷಿನ್‌ಗೆ ಹಾಕಿದರೆ, ತಾರಸಿಯ ಬಿಸಿಲಿಗೆ ಒಣಹಾಕಿದರೆ ಫೋಮ್ ತುಂಡುಗಳು ಬಟ್ಟೆಯಿಂದ ಬಿಟ್ಟುಕೊಳ್ಳುತ್ತವೆ. ತಣ್ಣೀರು, ಸ್ವಲ್ಪ ಶಾಂಪೂ, ನೆರಳು, ಅಷ್ಟು ಸಾಕು. ಹಿಂಡಬೇಡಿ, ಟವೆಲ್‌ನಲ್ಲಿ ಒತ್ತಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಆಡುವವರದು ಬೇಗ ಜಿಡ್ಡುಗಟ್ಟಿ ನಾರುತ್ತದೆ (ಅಮ್ಮಂದಿರು ಒಪ್ಪಲಿಕ್ಕಿಲ್ಲ). ವೆಲ್ಕ್ರೋಗೆ ಹುಲ್ಲು ಸಿಕ್ಕಿ ಹಿಡಿತ ಹೋದರೆ ಹಳೇ ಟೂತ್‌ಬ್ರಷ್‌ನಲ್ಲಿ ಕೆರೆದರಾಯಿತು.

ಫೋಮನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿ. ಗುಳಿ ಹಾಗೇ ನಿಂತರೆ ಹೊಸದು ತನ್ನಿ.